ಎಳ್ಳಮಾವಾಸ್ಯೆ ದಿನದ ಸ್ಯಾಂಪಲ್

ಪ್ರತಿ ಸೋಮವಾರ ಬೆಳಗ್ಗೆ ನನಗೊಂದು ಎಕ್ಸೆಲ್ ಶೀಟ್ ಬರುತ್ತದೆ. ಅದರಲ್ಲಿ ಔಷಧದ ಪ್ರಯೋಗ ನಡೆಯುವ ದೇಶದ ಎಲ್ಲ ಸೈಟುಗಳ, ಅಂದರೆ ಆಸ್ಪತ್ರೆಗಳ, ಹೆಸರು, ಪಕ್ಕದಲ್ಲಿ ಟಾರ್ಗೆಟ್, ಅದರ ಪಕ್ಕದಲ್ಲಿ ಈವರೆಗೆ ಸೇರಿದ ರೋಗಿಗಳ ಸಂಖ್ಯೆ. ಟಾರ್ಗೆಟ್ ಮುಟ್ಟಿದವರಿಗೆ ಹಸಿರು, ಹಿಂದೆ ಬಿದ್ದವರಿಗೆ ಕೆಂಪು. ಕಲಬುರಗಿ ಬಹಳ ಸಲ ಕೆಂಪಿನಲ್ಲೇ ಇರುತ್ತದೆ. ಹನ್ನೊಂದು ಗಂಟೆಗೆ ಕಾಲ್ ಶುರು. ಮುಂಬೈಯಲ್ಲಿ ಕೂತವರು ಮರ್ಯಾದೆಯಿಂದಲೇ ಕೇಳುತ್ತಾರೆ: ಈ ವಾರ ಎಷ್ಟು ಜನ?

ನಾನು ಕ್ಲಿನಿಕಲ್ ಆಪರೇಷನ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಹೊಸ ಔಷಧ ಅಂಗಡಿಗೆ ಬರುವ ಮೊದಲು ಮನುಷ್ಯರ ಮೇಲೆ ಪ್ರಯೋಗ ಆಗುತ್ತದಲ್ಲ, ಅದನ್ನು ಆಸ್ಪತ್ರೆಗಳಲ್ಲಿ ನಡೆಸಿಕೊಡುವ ಕೆಲಸ. ಆಫೀಸು ಕಲಬುರಗಿಯಲ್ಲಿ, ಇನ್ನೊಂದು ಚಿಕ್ಕ ತಂಡ ಬೀದರ್‌ನಲ್ಲಿ. ಪ್ರಯೋಗದ ಹೊಣೆ ಹೊರುವ ಡಾಕ್ಟರನ್ನು ಇನ್ವೆಸ್ಟಿಗೇಟರ್ ಅನ್ನುತ್ತಾರೆ. ಅವರು ಒಪಿಡಿ, ವಾರ್ಡು, ಎಮರ್ಜೆನ್ಸಿ ಎಲ್ಲದರ ನಡುವೆ ಇದನ್ನೂ ನೋಡಬೇಕು. ಹಾಗಾಗಿ ರೋಗಿಯ ಜೊತೆ ಜಾಸ್ತಿ ಹೊತ್ತು ಕೂರುವವರು ನಮ್ಮ ಕೋಆರ್ಡಿನೇಟರ್‌ಗಳು. ಹೆಚ್ಚಿನವರು ನರ್ಸಿಂಗ್ ಇಲ್ಲವೇ ಫಾರ್ಮಸಿ ಓದಿ ಬಂದ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು. ಊರಲ್ಲಿ ಯಾರಾದರೂ ನನ್ನ ಕೆಲಸ ಏನು ಅಂತ ಕೇಳಿದರೆ "ದವಾಖಾನ್ಯಾಗ" ಅಂತ ಹೇಳಿ ಸುಮ್ಮನಾಗುತ್ತೇನೆ. ಪೂರ್ತಿ ಹೇಳಹೊರಟರೆ ಚಹಾ ಆರಿಹೋಗುತ್ತದೆ.

ಇಲ್ಲಿ ಪೂರ್ತಿ ಹೇಳಬಹುದು. ವಿಭಾಗ ನಡೆಸುವುದು ಅಂದರೆ ಬಜೆಟ್, ಕಾಂಟ್ರ್ಯಾಕ್ಟ್, ಆಡಿಟ್, ಮೀಟಿಂಗ್ ಎಲ್ಲ ಇದೆ. ಅವೆಲ್ಲ ಕಲಿತರೆ ಬರುತ್ತವೆ. ನನ್ನ ಪ್ರಕಾರ ನಿಜವಾದ ಕೆಲಸ ಒಂದೇ: ಆ ಶೀಟಿನ ಕೆಂಪು ಬಣ್ಣ ನನ್ನ ಕೋಣೆಯ ಬಾಗಿಲು ದಾಟಿ ಹೋಗದ ಹಾಗೆ ನೋಡಿಕೊಳ್ಳುವುದು.

ಕೆಲ ವರ್ಷಗಳ ಹಿಂದೆ ನಮ್ಮ ಒಂದು ಸೈಟಿನಲ್ಲಿ ಫೈಲು ತಿರುವುತ್ತಾ ಕೂತಿದ್ದೆ. ಮುಂದಿನ ವಾರ ಸ್ಪಾನ್ಸರ್, ಅಂದರೆ ಪ್ರಯೋಗ ಮಾಡಿಸುವ ಕಂಪನಿ, ಕಡೆಯಿಂದ ದಾಖಲೆ ತಪಾಸಣೆ ಮಾಡುವ ಮಾನಿಟರ್ ಬರುವವರಿದ್ದರು. ಸಕ್ಕರೆ ಕಾಯಿಲೆಯ ಔಷಧದ ಪ್ರಯೋಗ. ಎಲ್ಲವೂ ಚೊಕ್ಕ. ಯಾರೂ ಒಂದು ವಿಸಿಟ್ ಕೂಡ ತಪ್ಪಿಸಿಲ್ಲ. ತೊಗರಿ ಕಟಾವಿನ ಹೊತ್ತಿನಲ್ಲೂ ಎಲ್ಲರೂ ಹೇಳಿದ ದಿನಕ್ಕೇ ಬಂದಿದ್ದಾರೆ. ಒಂದು ತಾರೀಕಿನ ಹತ್ತಿರ ಕಣ್ಣು ನಿಂತಿತು. ಅವತ್ತು ಎಳ್ಳಮಾವಾಸ್ಯೆ. ಬೆಳಗ್ಗೆ ಎಂಟಕ್ಕೆ ಮೂರು ಜನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರು ಅಂತ ಬರೆದಿದೆ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಕಾಳು ತರಕಾರಿ ಎಲ್ಲ ಹಾಕಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಪೈರಿಗೆ ಚರಗ, ಅಂದರೆ ಎಡೆಯ ಅಡುಗೆ, ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಇದ್ದವರು ಕರೆಯುತ್ತಾರೆ. ಕಲಬುರಗಿ ಪೇಟೆಯೇ ಅವತ್ತು ಬಿಕೋ ಅನ್ನುತ್ತದೆ. ಅಂಥ ದಿನ ಚಿತ್ತಾಪುರ ಕಡೆಯ ಮೂರು ಜನ ರೈತರು ಹೊಲ ಬಿಟ್ಟು ಮೊದಲ ಬಸ್ಸಿಗೆ ಬಂದು ತೋಳು ಚಾಚಿದರು ಅಂದರೆ ಮುಂಬೈಯ ಮಾನಿಟರ್ ನಂಬಬಹುದು. ನಾನು ನಂಬಲಿಲ್ಲ.

ಸೆಂಟ್ರಿಫ್ಯೂಜ್ ರಿಜಿಸ್ಟರ್ ತರಿಸಿದೆ. ರಕ್ತ ತೆಗೆದ ಮೇಲೆ ಯಂತ್ರದಲ್ಲಿ ತಿರುಗಿಸಿ ಸೀರಮ್ ಬೇರೆ ಮಾಡುತ್ತಾರೆ. ಪ್ರತಿ ಸಲವೂ ತಾರೀಕು, ವೇಳೆ ಬರೆದು ಸಹಿ ಹಾಕಬೇಕು. ಎಳ್ಳಮಾವಾಸ್ಯೆಯ ಸಾಲೇ ಇಲ್ಲ. ಮರುದಿನ ಮೂರು ಸಾಲು ಇವೆ. ರೋಗಿಗಳು ಬಂದದ್ದು ನಿಜ, ಒಂದು ದಿನ ತಡವಾಗಿ. ವಿಸಿಟ್‌ಗೆ ಇದ್ದ ಗಡುವು ಹಿಂದಿನ ದಿನಕ್ಕೇ ಮುಗಿದಿತ್ತು. ಕೋಆರ್ಡಿನೇಟರ್ ಹುಡುಗ ಹಿಂದಿನ ತಾರೀಕು ಹಾಕಿಬಿಟ್ಟಿದ್ದ.

ಕರೆದು ಕೂರಿಸಿ ಕೇಳಿದೆ. ಸುತ್ತಿಬಳಸಲಿಲ್ಲ. "ಮೇಡಂ, ಹೋದ ತಿಂಗಳು ಎರಡು ಡೀವಿಯೇಷನ್ ಆದಾಗ ಕಾಲ್‌ನ್ಯಾಗ ನನ್ನ ಹೆಸರು ತಗೊಂಡು ಕೇಳಿದ್ರಿ. ಮತ್ತ ಮೂರು ಅಂದ್ರ ಕೆಲಸಾನೇ ಹೋಗ್ತದಂತ ಅಂಜಿದೆ" ಅಂದ.

ಪ್ರಯೋಗ ಹೇಗೆ ನಡೆಯಬೇಕು ಅಂತ ಬರೆದಿಟ್ಟ ಪ್ರೋಟೋಕಾಲ್‌ಗಿಂತ ಒಂದು ದಿನ ಆಚೀಚೆ ಆದರೆ ಅದು ಡೀವಿಯೇಷನ್. ಒಂದು ಫಾರ್ಮ್ ತುಂಬಿ, ಕಾರಣ ಬರೆದು, ಸ್ಪಾನ್ಸರ್‌ಗೆ ಮತ್ತು ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೆ ತಿಳಿಸಿದರೆ ಮುಗಿಯಿತು. ಫಲಿತಾಂಶದ ಲೆಕ್ಕ ಹಾಕುವವರಿಗೆ ಆ ಒಂದು ದಿನದ ವ್ಯತ್ಯಾಸ ಗೊತ್ತಿರುತ್ತದೆ. ತಾರೀಕು ತಿದ್ದಿದರೆ ಹಾಗಲ್ಲ. ಆ ಕೈ ಬರೆದ ಬಿಪಿ, ತೂಕ, ಮಾತ್ರೆಯ ಎಣಿಕೆ ಎಲ್ಲದರ ಮೇಲೂ ಅನುಮಾನ ಬರುತ್ತದೆ. ಸ್ಪಾನ್ಸರ್‌ಗೆ ನಾವೇ ಬರೆದು ತಿಳಿಸಿದೆವು, ಎಥಿಕ್ಸ್ ಕಮಿಟಿಗೂ ತಿಳಿಸಿದೆವು. ಅವನ ಕೈಯಲ್ಲಿದ್ದ ಅಷ್ಟೂ ಫೈಲುಗಳನ್ನು ಲ್ಯಾಬ್ ಮತ್ತು ಫಾರ್ಮಸಿ ರಿಜಿಸ್ಟರ್ ಜೊತೆ ಕೂತು ತಾಳೆ ನೋಡಿದೆವು. ಬೇರೆಲ್ಲೂ ತಪ್ಪು ಸಿಗಲಿಲ್ಲ. ಹುಡುಗನನ್ನು ತೆಗೆಯಲಿಲ್ಲ. ಇದರ ಬಗ್ಗೆ ನನ್ನ ಮೇಲಿನವರಿಗೆ ಆಗಲೂ ಅಸಮಾಧಾನ ಇತ್ತು, ಈಗಲೂ ಇದೆ. ಇರಲಿ. ಅವನನ್ನು ತೆಗೆದಿದ್ದರೆ ಉಳಿದವರು ಕಲಿಯುತ್ತಿದ್ದುದು ಒಂದೇ, ಮುಂದಿನ ಸಲ ಸೆಂಟ್ರಿಫ್ಯೂಜ್ ರಿಜಿಸ್ಟರನ್ನೂ ತಿದ್ದಬೇಕು ಅನ್ನುವುದು.

ಆಮೇಲೆ ಸೋಮವಾರದ ಕಾಲ್‌ಗೆ ಕೋಆರ್ಡಿನೇಟರ್‌ಗಳನ್ನು ಕೂರಿಸುವುದು ನಿಲ್ಲಿಸಿದೆ. ನಾನೊಬ್ಬಳೇ ಕೂರುತ್ತೇನೆ. ಆಫೀಸಿನ ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ಬಂತು. ಅದರಲ್ಲಿ ಎಳ್ಳಮಾವಾಸ್ಯೆ, ಹೋಳಿ ಮುಗಿದ ಮೇಲಿನ ಶರಣಬಸವೇಶ್ವರ ಜಾತ್ರೆ, ಖಾಜಾ ಬಂದೇನವಾಜ್ ಉರುಸು, ತೊಗರಿ ಕಟಾವು, ರಂಜಾನ್ ತಿಂಗಳು ಎಲ್ಲ ಗುರುತು ಮಾಡಿದ್ದೇವೆ. ಒಬ್ಬರನ್ನು ಸೇರಿಸಿಕೊಳ್ಳುವ ಮೊದಲು ಅವರ ಹನ್ನೆರಡನೇ ವಾರ, ಇಪ್ಪತ್ನಾಲ್ಕನೇ ವಾರ ಎಲ್ಲಿ ಬೀಳುತ್ತದೆ ಅಂತ ಅಲ್ಲಿ ನೋಡುತ್ತಾರೆ. ರಂಜಾನ್ ಅಂತೂ ಬರೀ ತಾರೀಕಿನ ಮಾತಲ್ಲ. ದಿನವಿಡೀ ಉಪವಾಸ ಇರುವ ಸಕ್ಕರೆ ಕಾಯಿಲೆಯವರಿಗೆ ಕೆಲವು ಔಷಧಗಳಿಂದ ಶುಗರ್ ದಿಢೀರ್ ಇಳಿದುಬಿಡಬಹುದು. ಈ ಊರಲ್ಲಿ ಅದನ್ನು ಮೊದಲೇ ಕೇಳದೆ ಪ್ರಯೋಗ ಶುರು ಮಾಡುವುದು ಸರಿಯಲ್ಲ. ಪ್ರೋಟೋಕಾಲ್ ಬರೆದವರು ಎಲ್ಲೋ ದೂರದಲ್ಲಿ ಕೂತವರು, ಅವರಿಗೆ ನೆನಪಾಗದಿದ್ದರೆ ನಾವು ನೆನಪಿಸಬೇಕು ಅಷ್ಟೆ.

ತಾರೀಕಿನ ವಿಷಯದಲ್ಲೇ ಒತ್ತಡ ಇಷ್ಟು ಮಾಡಿದರೆ, ಒಪ್ಪಿಗೆ ತೆಗೆದುಕೊಳ್ಳುವಾಗ ಏನು ಮಾಡಬಹುದು ಯೋಚಿಸಿ. ಇಂಥ ಕಡೆ ಜನ ಪ್ರಯೋಗ ಅಂದರೆ ಹೆದರುತ್ತಾರೆ, ಒಪ್ಪುವುದಿಲ್ಲ ಅಂತ ಹೊರಗಿನವರು ತಿಳಿದಿದ್ದಾರೆ. ಉಲ್ಟಾ. ತೀರಾ ಸುಲಭವಾಗಿ ಒಪ್ಪುತ್ತಾರೆ. "ಡಾಕ್ಟರ್ ಸಾಹೇಬ್ರು ಹೇಳಿದ್ರ ಮುಗೀತ್ರಿ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ತೋರಸ್ರಿ." ಇದನ್ನು ಕೇಳಿ ಖುಷಿಪಡುವ ಕೋಆರ್ಡಿನೇಟರ್ ನನಗೆ ಬೇಡ. ಕೆಂಪು ಶೀಟು ನೋಡಿ ಬಂದವರಿಗೆ ಖುಷಿಯಾಗದೆ ಇರುತ್ತದೆಯೇ?

ಹಾಗಾಗಿ ನಾವು ಕೆಲವು ರೂಢಿ ಮಾಡಿಕೊಂಡಿದ್ದೇವೆ. ಫಾರ್ಮ್ ಓದಿ ಹೇಳಿದ ದಿನವೇ ಸಹಿ ಇಲ್ಲ. ಮನೆಗೆ ಹೋಗಿ, ಕೇಳಿ, ಇನ್ನೊಂದು ದಿನ ಬರಲಿ. ಕೊನೆಯಲ್ಲಿ ಡಾಕ್ಟರ್ ಹೊರಗೆ ಹೋದ ಮೇಲೆ ಕೋಆರ್ಡಿನೇಟರ್ ಒಂದು ಮಾತು ಹೇಳಬೇಕು: "ಒಲ್ಲೆ ಅನ್ನೂದಿದ್ರ ನನಗ ಹೇಳ್ರಿ. ಸಾಹೇಬ್ರಿಗೆ ನಾ ಹೇಳ್ತೀನಿ. ನಿಮ್ಮ ಇಲಾಜು ಹಂಗೇ ನಡೀತದ." ಇದಾದ ಮೇಲೆ ಹಿಂದೆ ಸರಿಯುವವರು ಇದ್ದಾರೆ. ಅವರ ಲೆಕ್ಕ ಯಾವ ಶೀಟಿನಲ್ಲೂ ಹಸಿರಾಗುವುದಿಲ್ಲ.

ಒಂದು ಸಲ ಚಿಂಚೋಳಿ ಕಡೆಯ ತಾಂಡಾದಿಂದ ಒಬ್ಬ ಅಜ್ಜಿ ಬಂದಿದ್ದರು. ಅವರಿಗೆ ಓದಲು ಬಾರದು. ಹಾಗಿದ್ದಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಮೊದಲಿಂದ ಕೊನೆವರೆಗೆ ಕೂತಿರಬೇಕು. ಫಾರ್ಮ್ ಕನ್ನಡದಲ್ಲಿ, ಅಜ್ಜಿಯ ಮಾತು ಲಂಬಾಣಿ. ಎರಡೂ ಬಲ್ಲ ಒಬ್ಬ ಮೇಷ್ಟರನ್ನು ಸಾಕ್ಷಿಯಾಗಿ ಕರೆದಿದ್ದೆವು. ಹೊಸ ರಾಸಾಯನಿಕ ವಸ್ತುವಿನ ಔಷಧವಾಗಿದ್ದು, ಸುಲಭವಾಗಿ ಒತ್ತಡಕ್ಕೆ ಸಿಗಬಹುದಾದ ರೋಗಿಯಾದರೆ ಒಪ್ಪಿಗೆಯ ಪೂರ್ತಿ ಮಾತುಕತೆ ವಿಡಿಯೋ ಆಗಬೇಕು. ಕ್ಯಾಮೆರಾ ಓಡುತ್ತಿತ್ತು. ಯಾರಿಗೆ ಔಷಧ, ಯಾರಿಗೆ ಔಷಧವಿಲ್ಲದ ಮಾತ್ರೆ ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತದೆ ಅಂತ ನಮ್ಮ ಹುಡುಗಿ ವಿವರಿಸಿದಳು. ಅಜ್ಜಿ ಕೇಳಿದ್ದು: "ಯಾವ ಗುಳಿಗಿ ಅಂತ ನಿಮಗೂ ಗೊತ್ತಾಗಂಗಿಲ್ಲ? ಡಾಕ್ಟರಿಗೂ ಇಲ್ಲ? ಮತ್ತ ನನಗ ಏನರ ಆದ್ರ ಯಾರಿಗೆ ಗೊತ್ತಿರ್ತದ?" ಇಷ್ಟು ಸರಿಯಾದ ಪ್ರಶ್ನೆಯನ್ನು ಓದಿದವರೂ ಕೇಳುವುದು ಕಡಿಮೆ. ತುರ್ತು ಬಂದರೆ ಆ ಗುಟ್ಟು ಒಡೆಯುವ ವ್ಯವಸ್ಥೆ ಇದೆ, ಹೇಗೆ ಅಂತ ಹೇಳಿದೆವು.

ಆಮೇಲೆ ಬಂತು ನಾಮಿನಿ ಕಾಲಂ. ಪ್ರಯೋಗದಿಂದಾಗಿ ಸಾವು ಬಂದರೆ ಪರಿಹಾರ ಯಾರಿಗೆ ಹೋಗಬೇಕು ಅಂತ ಫಾರ್ಮಿನಲ್ಲೇ ಬರೆಸಬೇಕು. ಜೊತೆಗೆ ವರ್ಷದ ಆದಾಯ, ಉದ್ಯೋಗ. ಆದಾಯ ಅಂದ ತಕ್ಷಣ ಎಲ್ಲರಿಗೂ ರೇಷನ್ ಕಾರ್ಡಿನ ಚಿಂತೆ. ಕಾರ್ಡಿನಲ್ಲಿದ್ದಷ್ಟೇ ಹೇಳುತ್ತಾರೆ. ತಮಾಷೆ ಏನೆಂದರೆ, ಪರಿಹಾರದ ಸೂತ್ರದಲ್ಲಿ ಆದಾಯಕ್ಕೆ ಜಾಗವೇ ಇಲ್ಲ. 8 ಲಕ್ಷ ಮೂಲ ಮೊತ್ತ, ಅದಕ್ಕೆ ವಯಸ್ಸಿನ ಅಂಶ ಮತ್ತು ಕಾಯಿಲೆಯ ಅಪಾಯದ ಅಂಶ ಗುಣಿಸಿ 99.37ರಿಂದ ಭಾಗಿಸಬೇಕು. ಕೂಲಿಯವರಿಗೂ ಅದೇ ಮೂಲ ಮೊತ್ತ, ಸಾಹುಕಾರರಿಗೂ ಅದೇ. ಮತ್ತೆ ಆದಾಯ ಯಾಕೆ ಕೇಳಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಿಯಮ, ಕೇಳುತ್ತೇವೆ.

ಅಜ್ಜಿ ನಾಮಿನಿಗೆ ಮಗಳ ಹೆಸರು ಹೇಳಿದರು. ಹೇಳುವಾಗ ದನಿ ಇಳಿಯಿತು. ಮಗ ಹೊರಗೆ ಬೆಂಚಿನ ಮೇಲೆ ಕೂತಿದ್ದ. "ಅವನಿಗೆ ಹೇಳಬ್ಯಾಡ್ರಿ. ಆ ಮಷೀನ್ ಬಂದ್ ಮಾಡ್ರಿ." ಮಷೀನ್ ಬಂದ್ ಮಾಡುವಂತಿಲ್ಲ. ವಿಡಿಯೋ ಬೀಗದಲ್ಲಿರುತ್ತದೆ, ಮಗ ನೋಡಲಾರ ಅಂತ ಮೇಷ್ಟರು ಲಂಬಾಣಿಯಲ್ಲಿ ತಿಳಿಸಿ ಹೇಳಿದರು. ಆದರೆ ಸಹಿಯಾದ ಫಾರ್ಮಿನ ಒಂದು ಪ್ರತಿ ರೋಗಿಯ ಕೈಗೆ ಕೊಡಲೇಬೇಕು. ಅದರಲ್ಲಿ ಮಗಳ ಹೆಸರು ಇದ್ದೇ ಇರುತ್ತದೆ. ನಮ್ಮ ಹುಡುಗಿ ನನ್ನ ಮುಖ ನೋಡಿದಳು. ನನಗೂ ಏನೂ ಹೊಳೆಯಲಿಲ್ಲ. ದಾರಿ ಅಜ್ಜಿಯೇ ಕಂಡುಕೊಂಡರು. ಅವತ್ತು ಹೆಬ್ಬೆಟ್ಟು ಒತ್ತಲಿಲ್ಲ. ಮುಂದಿನ ವಾರ ಮಗಳನ್ನು ಕರೆದುಕೊಂಡು ಬಂದು, ಒತ್ತಿ, ಕಾಗದವನ್ನು ಅವಳ ಚೀಲಕ್ಕೆ ಹಾಕಿಸಿದರು.

ಈ ಕ್ಯಾಮೆರಾ, ಸಾಕ್ಷಿ, ಪ್ರತಿ ಎಲ್ಲ ಸುಮ್ನೆ ಬಂದದ್ದಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು. ಅಲ್ಲಿ ಆದ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ, ಆದರೆ ಒಪ್ಪಿಗೆ ತೆಗೆದುಕೊಂಡ ರೀತಿ ತಪ್ಪು ಅಂತ ಸಾಬೀತಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಪ್ರಯೋಗಗಳ ವಿಷಯದಲ್ಲಿ ಗಟ್ಟಿಯಾಗಿ ಕೇಳಲು ಶುರು ಮಾಡಿತು. ಒಪ್ಪಿಗೆಯ ವಿಡಿಯೋ ಆ ವರ್ಷವೇ ಬಂತು. ಮೊದಲು ಎಲ್ಲರಿಗೂ ಇತ್ತು, 2015ರಲ್ಲಿ ಕೆಲವು ಪ್ರಯೋಗಗಳಿಗೆ ಮಾತ್ರ ಅಂತಾಯಿತು. ಈಗ ನಾವು ನಡೆಯುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ. ಹೊಸದಾಗಿ ಸೇರಿದವರಿಗೆ ನಾನು ನಿಯಮ ಓದಿಸುವ ಮೊದಲು ಖಮ್ಮಂ ಕಥೆ ಹೇಳುತ್ತೇನೆ. ಆ ವಾರ್ಡನ್‌ಗಳು ಕೆಟ್ಟವರಾಗಿರಲಿಕ್ಕಿಲ್ಲ. ಬೇಗ ಮುಗಿಸಿ ಅಂತ ಮೇಲಿನಿಂದ ಯಾರೋ ಹೇಳಿರಬೇಕು.

ಒತ್ತಡ ಎಲ್ಲಿ ಹುಟ್ಟುತ್ತದೆ ಅಂತ ನೋಡಿದರೆ ಬಹಳ ಸಲ ಅದು ನಾವೇ ಬರೆದುಕೊಟ್ಟ ಕಾಗದದಲ್ಲಿ ಹುಟ್ಟಿರುತ್ತದೆ. ಪ್ರಯೋಗಕ್ಕೆ ಆಸ್ಪತ್ರೆ ಆರಿಸುವ ಮೊದಲು ಕಂಪನಿ ಒಂದು ಫೀಸಿಬಿಲಿಟಿ ಫಾರ್ಮ್ ಕಳಿಸುತ್ತದೆ. ಈ ಕಾಯಿಲೆಯವರು ತಿಂಗಳಿಗೆ ಎಷ್ಟು ಜನ ಬರುತ್ತಾರೆ, ಎಷ್ಟು ಜನರನ್ನು ಸೇರಿಸಬಲ್ಲಿರಿ? ಕೆಲಸ ಕೈತಪ್ಪದಿರಲಿ ಅಂತ ಎಲ್ಲರೂ ದೊಡ್ಡ ಸಂಖ್ಯೆ ಬರೆಯುತ್ತಾರೆ. ಪ್ರಯೋಗ ಶುರುವಾದ ದಿನವೇ ರೋಗಿಗಳು ಮಾಯ. ಅಮೆರಿಕದ ಔಷಧ ವಿಜ್ಞಾನಿ ಲೂಯಿ ಲಸಾನ್ಯಾ ಇದನ್ನು ಎಂದೋ ಗುರುತಿಸಿದ್ದರು, ನಮ್ಮ ವೃತ್ತಿಯಲ್ಲಿ ಅವರ ಹೆಸರಿನದೇ ಒಂದು ನಿಯಮ ಚಾಲ್ತಿಯಲ್ಲಿದೆ. ಒಪಿಡಿಯಲ್ಲಿ ಸಾಲು ನಿಂತವರಲ್ಲಿ ವಯಸ್ಸು, ಕಿಡ್ನಿ, ಬೇರೆ ಮಾತ್ರೆಗಳು ಅಂತ ಸೋಸುತ್ತಾ ಹೋದರೆ ಉಳಿಯುವವರು ಬೆರಳೆಣಿಕೆ. ನಾನು ಹಳೆಯ ರಿಜಿಸ್ಟರ್ ತೆಗೆಸಿ, ನಿಯಮಕ್ಕೆ ಸರಿಹೊಂದುವವರನ್ನು ಎಣಿಸಿ, ಅದರಲ್ಲೂ ಅರ್ಧ ಬರೆಯುತ್ತೇನೆ. ಇದರಿಂದ ಕೆಲವು ಪ್ರಯೋಗಗಳು ಕೈತಪ್ಪಿವೆ. ತಪ್ಪಲಿ.

ಹಾಗಂತ ನಮ್ಮ ಕಡೆ ಒಳ್ಳೆಯ ಪ್ರಯೋಗ ನಡೆಸಲು ಆಗದು ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಚೊಚ್ಚಲ ಬಸುರಿಯರಿಗೆ ಮೊದಲ ತಿಂಗಳುಗಳಿಂದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗುತ್ತದೆಯೇ ಅಂತ ಆರು ದೇಶಗಳಲ್ಲಿ ಸುಮಾರು 12 ಸಾವಿರ ಹೆಂಗಸರ ಮೇಲೆ ನೋಡಿದರು. ಕಡಿಮೆಯಾಗುತ್ತದೆ ಅಂತ 2020ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಭಾರತದಿಂದ ಅದರಲ್ಲಿದ್ದದ್ದು ನಾಗಪುರ ಮತ್ತು ನಮ್ಮ ಬೆಳಗಾವಿ. ಹಳ್ಳಿಯ ಹೆಂಗಸರನ್ನು ತಿಂಗಳುಗಟ್ಟಲೆ ಸರಿಯಾಗಿ ನೋಡಿಕೊಂಡರೆ ಎಂಥ ಉತ್ತರ ಸಿಗುತ್ತದೆ ನೋಡಿ.

ದಿನನಿತ್ಯದ ತಾಪತ್ರಯಗಳು ಬೇರೆ ಇವೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ "ಏನೂ ತಿಂದಿಲ್ರಿ, ಬರೇ ಚಹಾ" ಅನ್ನುತ್ತಾರೆ. ಚಹಾ ಊಟದ ಲೆಕ್ಕಕ್ಕೆ ಬರುವುದಿಲ್ಲ ನಮ್ಮಲ್ಲಿ. ಹಿಂದಿನ ರಾತ್ರಿ ರೋಗಿಗೆ ಫೋನ್ ಮಾಡಿ ಉಪಯೋಗವಿಲ್ಲ, ಸೊಸೆಗೆ ಮಾಡಬೇಕು. ಇನ್ನು ಬಸ್ ಟಿಕೆಟ್. ಬಂದುಹೋಗುವ ಖರ್ಚು ಕೊಡುತ್ತೇವೆ, ಎಥಿಕ್ಸ್ ಕಮಿಟಿ ಒಪ್ಪಿದಷ್ಟು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್. ಅದನ್ನು ಫೈಲಿನಲ್ಲಿ ನೋಡಿದ ಹೊರಗಿನ ಆಡಿಟರ್, ಟಿಕೆಟ್ ಸೊನ್ನೆ ಇದ್ದಾಗ ದುಡ್ಡು ಯಾಕೆ ಕೊಟ್ಟಿರಿ ಅಂತ ಕೇಳಿದರು. ಆಟೋ, ಊಟ, ಬಿಟ್ಟುಬಂದ ಕೂಲಿ ಅಂತ ವಿವರಣೆ ಬರೆಯುತ್ತಾ ಒಂದು ಮಧ್ಯಾಹ್ನ ಹೋಯಿತು.

ಬಿಸಿಲಿನದು ಇನ್ನೊಂದು ಕಥೆ. ಡಬ್ಬಿಯ ಮೇಲೆ 25 ಡಿಗ್ರಿಗಿಂತ ಕೆಳಗೆ ಇಡಿ ಅಂತ ಇರುತ್ತದೆ. ಏಪ್ರಿಲ್, ಮೇನಲ್ಲಿ ಕಲಬುರಗಿ 42, 43 ಮುಟ್ಟುತ್ತದೆ. ನಮ್ಮ ಫಾರ್ಮಸಿಯಲ್ಲಿ ಎಸಿ, ಯುಪಿಎಸ್, ಉಷ್ಣತೆ ದಾಖಲಿಸುವ ಲಾಗರ್ ಎಲ್ಲ ಇದೆ. ಮಿತಿ ದಾಟಿದರೆ ಆ ಡಬ್ಬಿಗಳನ್ನು ಬೇರೆ ಇಟ್ಟು, ಕಂಪನಿಯ ಉತ್ತರ ಬರುವ ತನಕ ಯಾರಿಗೂ ಕೊಡುವುದಿಲ್ಲ. ಆದರೆ ಮಾತ್ರೆ ಮನೆಗೆ ಹೋಗುತ್ತದಲ್ಲ? ಶಹಾಬಾದ್ ಕಲ್ಲು ಹೊದಿಸಿದ ಮನೆ ಸಂಜೆಗೆ ಒಲೆಯ ಹಾಗೆ ಕಾದಿರುತ್ತದೆ. ಔಷಧ ಎಷ್ಟು ತಾಳುತ್ತದೆ ಅಂತ ಕಂಪನಿಗಳು 40 ಡಿಗ್ರಿ, ಶೇ. 75 ತೇವದಲ್ಲಿ 6 ತಿಂಗಳು ಇಟ್ಟು ನೋಡಿರುತ್ತವೆ. ಆ ಮಾಹಿತಿ ಅವರ ಬಳಿ ಇರುತ್ತದೆ. ಬೇಸಿಗೆಗೆ ಮೊದಲೇ ಕಾಗದದಲ್ಲಿ ಕೊಡಿ ಅಂತ ಫೆಬ್ರವರಿಯಲ್ಲೇ ಬೆನ್ನು ಹತ್ತುತ್ತೇನೆ.

ರಾತ್ರಿ ನಿದ್ದೆಗೆಡಿಸುವುದು ಮಾತ್ರ ಗಂಭೀರ ಘಟನೆಗಳು. ರೋಗಿ ಆಸ್ಪತ್ರೆಗೆ ಸೇರಿದರೆ ಸಾಕು, ಕಾರಣ ಏನೇ ಇರಲಿ, 24 ಗಂಟೆಯೊಳಗೆ ಇನ್ವೆಸ್ಟಿಗೇಟರ್ ಕೇಂದ್ರದ ಔಷಧ ನಿಯಂತ್ರಕರಿಗೆ, ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ ವರದಿ ಕೊಡಬೇಕು. 14 ದಿನದೊಳಗೆ ಪೂರ್ತಿ ವಿಶ್ಲೇಷಣೆ. ಜೇವರ್ಗಿ ಕಡೆಯ ಒಬ್ಬರು ಬೈಕಿನಿಂದ ಬಿದ್ದು ಸೊಲ್ಲಾಪುರದಲ್ಲಿ ಅಡ್ಮಿಟ್ ಆಗಿದ್ದರು. ಕಾಲು ಮುರಿದದ್ದಕ್ಕೂ ಶುಗರ್ ಮಾತ್ರೆಗೂ ಏನು ಸಂಬಂಧ ಅಂತ ಮನೆಯವರು ತಿಳಿಸಲಿಲ್ಲ. ಅವರ ಪ್ರಶ್ನೆ ತಪ್ಪಲ್ಲ. ಆದರೆ ಶುಗರ್ ಇಳಿದು ತಲೆ ಸುತ್ತಿಯೇ ಬಿದ್ದಿದ್ದರೆ? ಅದನ್ನು ತೀರ್ಮಾನಿಸಬೇಕಾದವರು ನಾವಲ್ಲ, ಮನೆಯವರೂ ಅಲ್ಲ. ವರದಿ ತಡವಾಯಿತು, ತಡವಾದದ್ದಕ್ಕೆ ಕಾರಣವನ್ನೂ ಬರೆದು ಕಳಿಸಿದೆವು. ಈಗ ಶನಿವಾರ ಶನಿವಾರ ಪ್ರತಿಯೊಬ್ಬರಿಗೂ ಫೋನು. "ಹೆಂಗದೀರಿ, ಎಲ್ಲರ ದವಾಖಾನಿಗೆ ಹೋಗಿದ್ರೇನು?" ಪ್ರೋಟೋಕಾಲ್‌ನಲ್ಲಿ ಇದು ಇಲ್ಲ. ಬಜೆಟ್‌ನಲ್ಲೂ ಇಲ್ಲ.

ಈ ಫೋನು ಮಾಡುವವರು, ಸೊಸೆಯ ನಂಬರ್ ನೆನಪಿಟ್ಟುಕೊಳ್ಳುವವರು ಎರಡು ಮೂರು ವರ್ಷ ಪಳಗಿದ ಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ಅಲ್ಲಿ ಸಂಬಳ ಎರಡು ಪಟ್ಟು. ತಡೆಯುವುದಿಲ್ಲ, ತಡೆಯಲು ನನ್ನ ಬಳಿ ಏನೂ ಇಲ್ಲ. ಎಳ್ಳಮಾವಾಸ್ಯೆ ಹುಡುಗನೂ ಹೋದ. ಈಗ ಹೈದರಾಬಾದಿನಲ್ಲಿ ಮಾನಿಟರ್. ಸೈಟಿಗೆ ಹೋದ ಕೂಡಲೇ ಸೆಂಟ್ರಿಫ್ಯೂಜ್ ರಿಜಿಸ್ಟರ್ ಕೇಳುತ್ತಾನಂತೆ.

ಮುಂದಿನ ವರ್ಷ ಯಾದಗಿರಿಯಲ್ಲಿ ಸೈಟು ಮಾಡಬೇಕೆಂದಿದ್ದೇವೆ. ಕಲಬುರಗಿಯ ಎಥಿಕ್ಸ್ ಕಮಿಟಿ ಅಲ್ಲಿಗೆ ನಡೆಯುವುದಿಲ್ಲ. ಬೇರೆ ಆಸ್ಪತ್ರೆಯ ಕಮಿಟಿ ಬಳಸುವುದಾದರೆ ಅದೇ ಊರಿನದಾಗಿರಬೇಕು, ಇಲ್ಲವೇ 50 ಕಿಲೋಮೀಟರ್ ಒಳಗಿರಬೇಕು. ಯಾದಗಿರಿ ಅದಕ್ಕಿಂತ ದೂರ. ಅಲ್ಲೇ ಕಮಿಟಿ ಆಗಬೇಕು: ವಕೀಲರು, ಸಮಾಜ ವಿಜ್ಞಾನ ಬಲ್ಲವರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯರು, ಆಸ್ಪತ್ರೆಯ ಹೊರಗಿನ ಅಧ್ಯಕ್ಷರು. ಕಮಿಟಿಯ ನೋಂದಣಿಗೆ ತಿಂಗಳುಗಳು ಹಿಡಿಯಬಹುದು. ಅಷ್ಟರಲ್ಲಿ ಇಬ್ಬರು ಕೋಆರ್ಡಿನೇಟರ್‌ಗಳು ಬೇಕು. ನರ್ಸಿಂಗ್ ಅಥವಾ ಫಾರ್ಮಸಿ ಆಗಿರಬೇಕು, ಆ ಕಡೆಯವರೇ ಆದರೆ ಒಳ್ಳೆಯದು, ಒಬ್ಬರಿಗಾದರೂ ತೆಲುಗು ಬರಬೇಕು. ಇಂಟರ್‌ವ್ಯೂನಲ್ಲಿ ಜಿಸಿಪಿ, ಅಂದರೆ ಪ್ರಯೋಗ ಸರಿಯಾಗಿ ನಡೆಸುವ ನಿಯಮಗಳ, ಪ್ರಶ್ನೆ ಜಾಸ್ತಿ ಕೇಳುವುದಿಲ್ಲ, ಅದನ್ನು ಕಲಿಸಬಹುದು. ಗಡುವು ಇವತ್ತು ಮುಗಿಯುತ್ತದೆ, ರೋಗಿ ನಾಳೆ ಬರುತ್ತೇನೆ ಅನ್ನುತ್ತಾರೆ, ನೀವು ಯಾವ ತಾರೀಕು ಬರೆಯುತ್ತೀರಿ, ಯಾರಿಗೆ ಫೋನ್ ಮಾಡುತ್ತೀರಿ ಅಂತ ಕೇಳುತ್ತೇನೆ. ಗೊತ್ತಿರುವ ಹುಡುಗ ಹುಡುಗಿಯರಿದ್ದರೆ ಹೇಳಿ. ಸಂಬಳ ಬೆಂಗಳೂರಿನಷ್ಟು ಇಲ್ಲ, ಮೊದಲೇ ಹೇಳಿಬಿಡಿ.